‘ಆನೋ ಡ್ರಾಕುಲಾ’: ಪರ್ಯಾಯ ಇತಿಹಾಸವಾಗಿ ಗಟ್ಟಿಯೋ, ಬರೀ ಪಾತ್ರಗಳ ಜಾತ್ರೆಯೋ?

ಕತ್ತಲೆಪುಟ:

ಕಿಮ್ ನ್ಯೂಮನ್ ಅವರ ‘ಆನೋ ಡ್ರಾಕುಲಾ’ (1992) ಮೂರನೇ ಒಂದು ಭಾಗ ಆಗಿದೆ. ಮುಂದುವರಿಸಲೋ ಬಿಡಲೋ ಅನ್ನೋ ಗೊಂದಲ.

ಓದದವರಿಗೆ ಹಿನ್ನೆಲೆ ಇಷ್ಟು. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯಲ್ಲಿ ಆ ರಕ್ತಪಿಶಾಚಿಯನ್ನು ಬೇಟೆಯಾಡುವ ವಾನ್ ಹೆಲ್ಸಿಂಗ್ ತಂಡ ಸೋತಿದ್ದರೆ ಏನಾಗುತ್ತಿತ್ತು ಅನ್ನೋದೇ ಎಳೆ. ಡ್ರಾಕುಲಾ ವಿಧವೆ ರಾಣಿ ವಿಕ್ಟೋರಿಯಾಳನ್ನು ಮದುವೆಯಾಗಿ ಅರಮನೆ ಸೇರಿದ್ದಾನೆ. ವಾನ್ ಹೆಲ್ಸಿಂಗ್‌ನ ತಲೆ ಅರಮನೆ ಮುಂದೆ ಈಟಿಯ ತುದಿಯಲ್ಲಿದೆ. 1888ರಲ್ಲಿ, ಲಂಡನ್ನಿನ ಬಡವರ ಕೇರಿ ವೈಟ್‌ಚಾಪೆಲ್‌ನಲ್ಲಿ, ರಕ್ತಪಿಶಾಚಿಗಳಾದ ವೇಶ್ಯೆಯರನ್ನು ಯಾರೋ ಬೆಳ್ಳಿಯ ಅಲಗಿನಿಂದ ಸೀಳಿ ಕೊಲ್ಲುತ್ತಿದ್ದಾನೆ.

ನನ್ನ ತಕರಾರು ಮೂರು. ಕೊಲೆಗಾರ ವಾನ್ ಹೆಲ್ಸಿಂಗ್ ತಂಡದ ಡಾಕ್ಟರ್ ಸೀವರ್ಡ್ ಅಂತ ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟ ಮೇಲೆ ಕಾಯೋದು ಯಾತಕ್ಕೆ? ಎರಡನೆಯದು, ಪುಟಕ್ಕೆ ನಾಲ್ಕು ಹೆಸರು ಬರುತ್ತೆ, ಎಲ್ಲಾ ಬೇರೆ ಬೇರೆ ಕಥೆಗಳಿಂದ ಎತ್ತಿದ್ದು. ಅಷ್ಟನ್ನೂ ಗೊತ್ತು ಮಾಡ್ಕೊಂಡೇ ಓದಬೇಕಾ? ಮೂರನೆಯದೇ ದೊಡ್ಡದು: ರಕ್ತಪಿಶಾಚಿಗಳು ನೂರಾರು ವರ್ಷದಿಂದ ಇದ್ದದ್ದೇ ನಿಜವಾದರೆ 1885ರ ತನಕ ಇತಿಹಾಸ ನಮ್ಮದೇ ಥರ ಹೇಗೆ ನಡೀತು? ಇದನ್ನು ಪರ್ಯಾಯ ಇತಿಹಾಸ ಅಂತ ಕರೆಯೋದೇ ಸರೀನಾ?

ಸ್ಟೋಕರ್ ಓದಿದ್ದು ತುಂಬಾ ಹಿಂದೆ. ಕೊನೆಯ ಗುಟ್ಟು ಹೇಳೋದಾದ್ರೆ ದಯವಿಟ್ಟು ಮೊದಲೇ ಎಚ್ಚರಿಸಿ.

ಅಡಿಟಿಪ್ಪಣಿ:

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ಇದನ್ನು ಪತ್ತೇದಾರಿ ಅಂದುಕೊಂಡು ಓದಿದರೆ ಸೋಲುವುದು ಖಚಿತ. ಸೀವರ್ಡ್‌ನ ಫೋನೋಗ್ರಾಫ್ ದಿನಚರಿಯಿಂದಲೇ ಪುಸ್ತಕ ಶುರುವಾಗುತ್ತದೆ, ಸೆಪ್ಟೆಂಬರ್ 17ರ ದಾಖಲೆ. ಸ್ಟೋಕರ್‌ನಲ್ಲೂ ಸೀವರ್ಡ್ ಮೇಣದ ಸಿಲಿಂಡರಿಗೆ ಮಾತಾಡುವವನೇ. ಕೊಲೆಗಾರನನ್ನು ಮುಚ್ಚಿಡುವ ಉದ್ದೇಶ ನ್ಯೂಮನ್‌ಗೆ ಇಲ್ಲ. ಮೂಲ ಕಥೆಯ ಸಜ್ಜನ ಯಾವ ಹಾದಿಯಲ್ಲಿ ಇಲ್ಲಿಗೆ ಬಂದ ಅನ್ನುವುದನ್ನು ತೋರಿಸಬೇಕು, ಅಷ್ಟೆ.

ಆ ಹಾದಿ ಕಾಣಬೇಕಾದರೆ ಸ್ಟೋಕರ್ ಕೈಯಲ್ಲಿರಬೇಕು. 27 ಅಧ್ಯಾಯಗಳನ್ನೂ ಮತ್ತೆ ಓದಲು ಸಮಯ ಇಲ್ಲದಿದ್ದರೆ ಇಷ್ಟು ಸಾಕು: 1ರಿಂದ 4, ಹಾರ್ಕರ್ ಕೋಟೆಯಲ್ಲಿ ಸಿಕ್ಕಿಕೊಳ್ಳುವ ಭಾಗ. 15 ಮತ್ತು 16, ಡ್ರಾಕುಲಾ ಕಚ್ಚಿ ರಕ್ತಪಿಶಾಚಿಯಾದ ಲೂಸಿಯ ಸಮಾಧಿ. 18ರಲ್ಲಿ ವಾನ್ ಹೆಲ್ಸಿಂಗ್ ರಕ್ತಪಿಶಾಚಿಯ ಶಕ್ತಿ, ಮಿತಿಗಳನ್ನು ಒಂದೊಂದಾಗಿ ಹೇಳುತ್ತಾನೆ. ಆಮೇಲೆ 21. ಡ್ರಾಕುಲಾ ತನ್ನ ಎದೆಯ ರಕ್ತವನ್ನು ಹಾರ್ಕರ್‌ನ ಹೆಂಡತಿ ಮಿನಾಗೆ ಬಲವಂತವಾಗಿ ಕುಡಿಸುತ್ತಿರುವಾಗ ಗಂಡಸರು ಬಾಗಿಲು ಒಡೆದು ನುಗ್ಗುವ ಅಧ್ಯಾಯ ಅದು. ಸ್ಟೋಕರ್‌ನಲ್ಲಿ ಅವನು ಶಿಲುಬೆಗೆ ಹಿಮ್ಮೆಟ್ಟಿ ಆವಿಯಾಗಿ ಜಾರಿಕೊಳ್ಳುತ್ತಾನೆ, ಬೇಟೆ ಮುಂದುವರಿಯುತ್ತದೆ. ನ್ಯೂಮನ್‌ನ ಕಥೆ ಕವಲೊಡೆಯುವುದು ಅಲ್ಲೇ. ಸ್ಟೋಕರ್ ಇಸವಿ ಹೇಳಿಲ್ಲ, ನ್ಯೂಮನ್ 1885 ಅಂತ ಗೊತ್ತುಮಾಡಿಕೊಂಡಿದ್ದಾನೆ. ರಾಜ್ಯ ಕೈವಶವಾಗಿ ಜನರಿಗೆ ಅದು ರೂಢಿಯಾಗಲು ಮೂರು ವರ್ಷ ಸಿಕ್ಕಿತು.

16ನೇ ಅಧ್ಯಾಯವನ್ನಂತೂ ಬಿಡಬೇಡಿ. ಲೂಸಿಯನ್ನು ಬಯಸಿದ್ದವರು, ಅವಳಿಗೆ ತಮ್ಮ ರಕ್ತ ಕೊಟ್ಟವರು ಸೇರಿ ಅವಳ ಎದೆಗೆ ಗೂಟ ಹೊಡೆಯುತ್ತಾರೆ, ಹೊಡೆಯುವವನು ಅವಳನ್ನು ಮದುವೆಯಾಗಬೇಕಿದ್ದ ಆರ್ಥರ್. ಸ್ಟೋಕರ್ ಅದನ್ನು ಪುಣ್ಯಕಾರ್ಯದ ಹಾಗೆ ಬರೆದ. ನ್ಯೂಮನ್ ಆ ದೃಶ್ಯದಿಂದ ಒಬ್ಬ ಕೊಲೆಗಾರನನ್ನು ಹುಟ್ಟಿಸಿದ. ಈ ಪುಸ್ತಕದ ಮೇರಿ ಜೇನ್ ಕೆಲ್ಲಿ ಲೂಸಿಯ ರಕ್ತದಿಂದ ರಕ್ತಪಿಶಾಚಿಯಾದವಳು ಅನ್ನುವುದನ್ನು ನೆನಪಿಟ್ಟುಕೊಂಡರೆ ಸೀವರ್ಡ್ ಅವಳ ಸುತ್ತ ಯಾಕೆ ಸುಳಿಯುತ್ತಾನೆ ಅಂತ ಗೊತ್ತಾಗುತ್ತದೆ. ನಿಜ ಇತಿಹಾಸದ ಕೆಲ್ಲಿ, ವೈಟ್‌ಚಾಪೆಲ್‌ನ ಸರಣಿ ಕೊಲೆಗಾರ ಜ್ಯಾಕ್ ದಿ ರಿಪ್ಪರ್‌ನ ಬಲಿ, ಸತ್ತದ್ದು 1888ರ ನವೆಂಬರ್ 9ರಂದು, ಮಿಲ್ಲರ್ಸ್ ಕೋರ್ಟ್‌ನಲ್ಲಿ. ಆ ತಾರೀಖು ಗೊತ್ತಿರುವ ಓದುಗನಿಗೆ ಪುಟ ತಿರುವಿದಂತೆಲ್ಲ ಎದೆ ಬಿಗಿಯುತ್ತದೆ. ನೀವು ಕಾಯಬೇಕಾದದ್ದು ಅದಕ್ಕೆ.

ಮಸಿದೌತಿ:

ಹೆಸರುಗಳ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ ಮಾರಾಯ್ರೆ. ಅರ್ಧಕ್ಕರ್ಧ ಹೆಸರು ಬಂದು ಕೈಬೀಸಿ ಹೋಗೋವು. ಹುಡುಕ್ತಾ ಕೂತರೆ ಓದಿನ ಲಯ ಹಾಳಾಗುತ್ತೆ, ಬಹಳ ಜನ ಅರ್ಧಕ್ಕೆ ಬಿಡೋದೂ ಅಲ್ಲೇ.

ಗಟ್ಟಿಯಾಗಿ ಹಿಡ್ಕೋಬೇಕಾದವರು ಐದೇ ಜನ. ಜೆನೆವಿಯೆವ್: ಹದಿನೈದನೇ ಶತಮಾನದವಳು, ನೋಡೋಕೆ ಹದಿನಾರರ ಹುಡುಗಿ, ಟಾಯ್ನ್‌ಬೀ ಹಾಲ್‌ನಲ್ಲಿ ಬಡವರ ಸೇವೆ ಮಾಡ್ತಾಳೆ (ಆ ಸಂಸ್ಥೆ ನಿಜವಾದದ್ದೇ, 1884ರಲ್ಲಿ ಶುರುವಾಯ್ತು). ಬೋರೆಗಾರ್ಡ್: ಡಯೋಜಿನಿಸ್ ಕ್ಲಬ್ಬಿನ ಗೂಢಚಾರ, ಮನುಷ್ಯ, ಬೆತ್ತದೊಳಗೆ ಬೆಳ್ಳಿಲೇಪದ ಕತ್ತಿ. ಆ ಕ್ಲಬ್ಬು ಕಾನನ್ ಡಾಯ್ಲ್‌ನ ಶೆರ್ಲಾಕ್ ಹೋಮ್ಸ್ ಕಥೆಗಳದ್ದು. ಸೀವರ್ಡ್. ಆರ್ಥರ್, ಅಂದ್ರೆ ಲಾರ್ಡ್ ಗೊಡಾಲ್ಮಿಂಗ್, ಇಲ್ಲಿ ಖುಷಿಯಿಂದ ರಕ್ತಪಿಶಾಚಿಯಾದವನು. ಮತ್ತೆ ಪ್ರಧಾನಿ ಲಾರ್ಡ್ ರುಥ್ವೆನ್. ಇವನು ಪೋಲಿಡೋರಿಯ 1819ರ ಕಥೆಯಿಂದ ಬಂದವನು. ಇಂಗ್ಲಿಷ್ ಗದ್ಯದ ರಕ್ತಪಿಶಾಚಿಗಳಲ್ಲಿ ಸ್ಟೋಕರ್‌ಗಿಂತ ಎಷ್ಟೋ ಹಿರಿಯ, ಹಾಗಾಗಿ ಡ್ರಾಕುಲಾನ ಕೆಳಗೆ ಕೂತು ಹಲ್ಲು ಕಡಿಯೋ ರಾಜಕಾರಣಿ ಪಾತ್ರ ಅವನಿಗೆ ಒಪ್ಪುತ್ತೆ.

ಇನ್ನು ಕೆಲವು ಎರವಲುಗಳು ಬರೀ ಅಲಂಕಾರ ಅಲ್ಲ, ಕೆಲಸ ಮಾಡ್ತವೆ. ನಿಜವಾದ ರಿಪ್ಪರ್ ಬಲಿಗಳ ಪಟ್ಟಿ ಹೀಗಿದೆ: ನಿಕಲ್ಸ್ ಆಗಸ್ಟ್ 31, ಚಾಪ್ಮನ್ ಸೆಪ್ಟೆಂಬರ್ 8, ಸ್ಟ್ರೈಡ್ ಮತ್ತು ಎಡ್ಡೋಸ್ ಒಂದೇ ರಾತ್ರಿ ಸೆಪ್ಟೆಂಬರ್ 30, ಕೊನೆಗೆ ಕೆಲ್ಲಿ. ನ್ಯೂಮನ್ ನಡುವೆ ಲೂಲು ಶ್ಯೋನ್ ಅನ್ನೋಳನ್ನು ಸೇರಿಸ್ತಾನೆ. ಜರ್ಮನ್ ನಾಟಕಕಾರ ವೆಡೆಕಿಂಡ್‌ನ ಲೂಲು ನಾಟಕದಲ್ಲೂ ಲಂಡನ್‌ನಲ್ಲಿ ಜ್ಯಾಕ್ ದಿ ರಿಪ್ಪರ್ ಕೈಯಲ್ಲೇ ಸಾಯೋದು. ಗೊತ್ತಿದ್ದರೆ ಒಂದು ಕಿರುನಗೆ ಬರುತ್ತೆ, ಗೊತ್ತಿಲ್ಲದಿದ್ದರೆ ನಷ್ಟ ಇಲ್ಲ. ಶೆರ್ಲಾಕ್ ಹೋಮ್ಸ್‌ನನ್ನು ಸೆರೆಶಿಬಿರಕ್ಕೆ ತಳ್ಳಿರೋದಂತೂ ಶುದ್ಧ ಅನಿವಾರ್ಯ. ಅವನು ಹೊರಗಿದ್ದಿದ್ರೆ ಪುಸ್ತಕ ಐವತ್ತು ಪುಟಕ್ಕೆ ಮುಗೀತಿತ್ತು!

ನನಗೆ ಬೇಸರ ತಂದದ್ದು ಬೇರೆ. ಇಷ್ಟೆಲ್ಲ ಜನ ಇದ್ದೂ ವೈಟ್‌ಚಾಪೆಲ್‌ನ ಹೆಂಗಸರಿಗೆ ಸಿಗೋ ಜಾಗ ಕಡಿಮೆ. ಕೆಲ್ಲಿಯೊಬ್ಬಳನ್ನು ಬಿಟ್ಟರೆ ಉಳಿದ ಬಲಿಗಳು ಹೆಸರಾಗಿಯೇ ಉಳೀತಾರೆ.

ಎರಡನೇಕವಲು:

ಮೂರನೇ ಪ್ರಶ್ನೆಯಲ್ಲಿ ನಾನು ಕತ್ತಲೆಪುಟ ಅವರ ಪಕ್ಷ. ಒಳ್ಳೆಯ ಪರ್ಯಾಯ ಇತಿಹಾಸಕ್ಕೆ ಎರಡು ಪರೀಕ್ಷೆ: ಒಂದು ಬದಲಾವಣೆ ಎಲ್ಲಿ ಆಯಿತು, ಅದರಿಂದ ಮುಂದಿನದೆಲ್ಲ ಹೇಗೆ ಹೊರಟಿತು. ನ್ಯೂಮನ್ ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಜಾರುತ್ತಾನೆ.

ಜೆನೆವಿಯೆವ್, ರುಥ್ವೆನ್‌ರಂಥ ಹಿರಿಯರು ಶತಮಾನಗಳಿಂದ ಇದ್ದಾರೆ. ಸಾಯದ, ಹಣ ಕೂಡಿಡಬಲ್ಲ, ತಲೆಮಾರು ದಾಟಿ ಸಂಚು ಹೂಡಬಲ್ಲ ಜನ. ಹಾಗಿದ್ದೂ 1885ರ ಯೂರೋಪ್ ನಮ್ಮ ಪಠ್ಯಪುಸ್ತಕದ ಯೂರೋಪೇ. ಎಲ್ಲರೂ ಅಡಗಿಕೊಂಡಿದ್ದರು ಅನ್ನುವುದು ಒಂದೇ ಸಮಜಾಯಿಷಿ. ಎರಡನೇ ಪುಸ್ತಕ ‘ದಿ ಬ್ಲಡಿ ರೆಡ್ ಬ್ಯಾರನ್’ (1995) ನೋಡಿ: ಇಂಗ್ಲೆಂಡನ್ನು ಡ್ರಾಕುಲಾ ಆಳಿ ಹೋದ ಮೇಲೂ ಮೊದಲ ಮಹಾಯುದ್ಧ ಅದೇ ಕಾಲಕ್ಕೆ, ಅದೇ ಕಂದಕಗಳಲ್ಲಿ ನಡೆಯುತ್ತದೆ. ಅವನು ಜರ್ಮನಿಯ ದೊರೆ ಕೈಸರ್‌ನ ಕಡೆ ಹೋಗಿರುತ್ತಾನೆ, ಅಷ್ಟೇ ವ್ಯತ್ಯಾಸ. ಇತಿಹಾಸವನ್ನು ಹಳಿ ತಪ್ಪಿಸಿ ಮತ್ತೆ ಕೈಹಿಡಿದು ಹಳಿಗೆ ತಂದು ನಿಲ್ಲಿಸಿದ ಹಾಗಾಯಿತು.

ಇದೇ ಸಮಸ್ಯೆಯನ್ನು ನೇರವಾಗಿ ಎದುರಿಸಿದ ಎರಡು ಕಾದಂಬರಿ ಇವೆ. ಬ್ರಯನ್ ಸ್ಟೇಬಲ್‌ಫೋರ್ಡ್ ಅವರ ‘ದಿ ಎಂಪೈರ್ ಆಫ್ ಫಿಯರ್’ (1988) ಹದಿನೇಳನೇ ಶತಮಾನದಲ್ಲಿ ಶುರುವಾಗುತ್ತದೆ. ಅಷ್ಟರಲ್ಲಿ ರಕ್ತಪಿಶಾಚಿ ದೊರೆಗಳು ಯೂರೋಪನ್ನು ಶತಮಾನಗಳಿಂದ ಬಹಿರಂಗವಾಗಿಯೇ ಆಳುತ್ತಿರುತ್ತಾರೆ, ಸಿಂಹಹೃದಯಿ ರಿಚರ್ಡ್ ಕೂಡ ಅವರಲ್ಲೊಬ್ಬ. ಅಲ್ಲಿ ಆಳುವವರಿಗೆ ಭಯ ಹುಟ್ಟಿಸುವುದು ಶಿಲುಬೆಯಲ್ಲ, ಸೂಕ್ಷ್ಮದರ್ಶಕ. ಜಾನ್ ಎಂ. ಫೋರ್ಡ್ ಅವರ ‘ದಿ ಡ್ರ್ಯಾಗನ್ ವೇಟಿಂಗ್’ (1983) ಇನ್ನೂ ಹಿಂದಕ್ಕೆ ಹೋಗಿ ಕ್ರೈಸ್ತಧರ್ಮ ಪ್ರಬಲವಾಗದ, ಬೈಜಾಂಟಿಯಂ ಸಾಮ್ರಾಜ್ಯ ಕುಸಿಯದ ಹದಿನೈದನೇ ಶತಮಾನ ಕಟ್ಟುತ್ತದೆ. 1984ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಅದಕ್ಕೇ ಬಂದದ್ದು. ಆದರೆ ಎಚ್ಚರ, ಫೋರ್ಡ್ ಏನನ್ನೂ ವಿವರಿಸುವುದಿಲ್ಲ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಕಾಲದ ವಂಶಾವಳಿ ಪಕ್ಕದಲ್ಲಿಟ್ಟುಕೊಳ್ಳದೆ ಓದಿದರೆ ಯಾರು ಯಾರನ್ನು ಕೊಂದರು ಅಂತಲೇ ತಿಳಿಯುವುದಿಲ್ಲ.

ಅಡಿಟಿಪ್ಪಣಿ:

ಎರಡನೇಕವಲು ಅವರೇ, ಯುದ್ಧದ ಮಾತು ಒಪ್ಪಿದೆ. ಮೊದಲ ಪುಸ್ತಕಕ್ಕೆ ಮಾತ್ರ ಅದೇ ತಕ್ಕಡಿ ಹಿಡಿಯುವುದು ಸರಿಯಲ್ಲ. ಅಲ್ಲಿ ಬದಲಾದದ್ದು ಪಿಶಾಚಿಗಳ ಇರುವಿಕೆಯಲ್ಲ, ಅವು ಬಯಲಿಗೆ ಬಂದದ್ದು. ಬಯಲಿಗೆ ಬಂದ ಮೇಲೆ ಏನಾಯಿತು ಅನ್ನುವ ಲೆಕ್ಕವನ್ನು ನ್ಯೂಮನ್ ಚೆನ್ನಾಗಿಯೇ ಹಾಕಿದ್ದಾನೆ.

ಕಚ್ಚಿಸಿಕೊಂಡವರೆಲ್ಲ ಪಿಶಾಚಿ ಆಗುತ್ತಾರೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬ ತಿಂಗಳಿಗೆ ಒಬ್ಬರನ್ನೇ ಕಚ್ಚಿದರೂ ಸಂಖ್ಯೆ ತಿಂಗಳಿಗೊಮ್ಮೆ ಇಮ್ಮಡಿ. ಒಂದರಿಂದ ಹೊರಟು 22 ಸಲ ಇಮ್ಮಡಿಸಿದರೆ 41,94,304. 1891ರ ಜನಗಣತಿಯಲ್ಲಿ ಲಂಡನ್ ಕೌಂಟಿಯ ಜನಸಂಖ್ಯೆ ಸುಮಾರು 42 ಲಕ್ಷ. ಎರಡು ವರ್ಷ ತುಂಬುವ ಮೊದಲೇ ಊರಲ್ಲಿ ರಕ್ತ ಕೊಡಲು ನರಪಿಳ್ಳೆಯೂ ಇರುವುದಿಲ್ಲ, ಕಥೆಗೆ 1888 ಬರುವುದೇ ಇಲ್ಲ. ಈ ಜಾತಿಯ ಬಹುಪಾಲು ಕಾದಂಬರಿ ಮುಗ್ಗರಿಸುವುದು ಇಲ್ಲಿ.

ನ್ಯೂಮನ್ ಎರಡು ಕಡೆ ಬಿಗಿ ಹಾಕಿದ್ದಾನೆ. ಕಚ್ಚಿದರೆ ಸಾಲದು, ಪಿಶಾಚಿ ತನ್ನ ರಕ್ತವನ್ನು ತಿರುಗಿ ಕುಡಿಸಬೇಕು. ಸ್ಟೋಕರ್‌ನ 21ನೇ ಅಧ್ಯಾಯದಿಂದಲೇ ಎತ್ತಿದ ನಿಯಮ ಇದು. ಎರಡನೆಯದು ರಕ್ತವಂಶ. ಜೆನೆವಿಯೆವ್‌ಳದು ಶುದ್ಧ ವಂಶ. ಡ್ರಾಕುಲಾನದು ಗೋರಿಯ ಕೊಳೆ ಹತ್ತಿದ, ಕೆಟ್ಟ ವಂಶ. ಅವನ ರಕ್ತದಿಂದ ಹುಟ್ಟಿದವರಿಗೆ ರೂಪ ಬದಲಿಸುವ ಹುಚ್ಚು ಬರುತ್ತದೆ, ಹಿಡಿತ ಬರುವುದಿಲ್ಲ. ಟಾಯ್ನ್‌ಬೀ ಹಾಲ್‌ನಲ್ಲಿ ಲಿಲಿ ಅನ್ನುವ ಪುಟ್ಟ ಹುಡುಗಿಯ ತೋಳು ಬಾವಲಿ ರೆಕ್ಕೆಯಾಗಲು ಹೋಗಿ ಅರ್ಧಕ್ಕೇ ನಿಂತಿರುವ ದೃಶ್ಯ ಬಂದಾಗ ಗಮನಿಸಿ, ಇಡೀ ಆಳ್ವಿಕೆಯ ಒಳಗುಟ್ಟು ಅಲ್ಲಿದೆ. ಶ್ರೀಮಂತರು ಸಾವಿಲ್ಲದ ಬಾಳಿನಾಸೆಗೆ ತಾವಾಗಿ ಕುತ್ತಿಗೆ ಒಡ್ಡಿದರು. ಅದೇ ರಕ್ತ ಕೆಳಗಿಳಿಯುತ್ತಾ ಬಡವರ ಕೇರಿಗೆ ರೋಗವಾಗಿ ಬಂತು. ಡ್ರಾಕುಲಾ ಸೈನ್ಯ ತಂದು ಲಂಡನ್ ಗೆಲ್ಲಲಿಲ್ಲ. ಇದಕ್ಕಿಂತ ನಂಬುವಂಥ ರಾಜಕೀಯ ಕಾರಣ ಇನ್ನೇನು ಬೇಕು?

ಆಯುಧಗಳ ನಿಯಮವೂ ಅಷ್ಟೇ ಅಚ್ಚುಕಟ್ಟು. ಶಿಲುಬೆಗೆ ಹೆದರುವುದು ಅದನ್ನು ನಂಬಿದವರು ಮಾತ್ರ. ಬೆಳ್ಳಿ ಎಲ್ಲರನ್ನೂ ಕೊಲ್ಲುತ್ತದೆ. ಬಿಸಿಲು ಹೊಸಬರಿಗೆ ಕಷ್ಟ, ಹಿರಿಯರು ತಡೆದುಕೊಳ್ಳುತ್ತಾರೆ. ಬಿಸಿಲಿಗೆ ಪಿಶಾಚಿ ಕರಗಿಹೋಗುವುದು 1922ರ ‘ನೊಸ್ಫೆರಾಟು’ ಸಿನಿಮಾದಿಂದ ಹಬ್ಬಿದ ಕಲ್ಪನೆ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೇ ಲಂಡನ್ನಿನ ಪಿಕಡಿಲಿಯಲ್ಲಿ ಓಡಾಡುತ್ತಾನೆ.

ಕತ್ತಲೆಪುಟ:

ಲಿಲಿ ಭಾಗ ಇನ್ನೂ ಬಂದಿಲ್ಲ. ಹಾಗಾದ್ರೆ ಮುಂದುವರಿಸ್ತೀನಿ. ಇನ್ನೊಂದೇ ಪ್ರಶ್ನೆ: ಡ್ರಾಕುಲಾ ಎಲ್ಲಿ? ಇಷ್ಟು ಪುಟ ಆದ್ರೂ ಅವನ ಸುಳಿವೇ ಇಲ್ಲ.

ಮಸಿದೌತಿ:

ಕೊನೆ ತನಕ ಕಾಣಲ್ಲ. ಅದು ಬೇಕಂತಲೇ ಮಾಡಿದ್ದು. ಅವನ ಆಜ್ಞೆ, ಅವನ ಕಾರ್ಪೇಥಿಯನ್ ಕಾವಲುಪಡೆ, ಈಟಿಗೆ ಏರಿದ ತಲೆಗಳು ಇವನ್ನೇ ನೋಡ್ತಾ ಹೋಗ್ತೀರಿ. ಸ್ಟೋಕರ್‌ನಲ್ಲೂ ಮೊದಲ ನಾಲ್ಕು ಅಧ್ಯಾಯ ಆದ ಮೇಲೆ ಅವನು ಕಾಣೋದು ಅಪರೂಪ.

ಎಚ್ಚರಿಕೆ, ಮುಂದಿನ ಪ್ಯಾರಾದಲ್ಲಿ ಕೊನೆಯ ಗುಟ್ಟಿದೆ. ಹಾರಿಸಿ ಓದಿ.

ರಾಣಿಯ ಗಂಡನಿಗೆ ಬ್ರಿಟಿಷ್ ಪದ್ಧತಿಯಲ್ಲಿ ಸ್ವಂತ ಅಧಿಕಾರ ಇಲ್ಲ. 1840ರಲ್ಲಿ ವಿಕ್ಟೋರಿಯಾಳನ್ನು ಮದುವೆಯಾದ ಆಲ್ಬರ್ಟ್‌ಗೆ ಪ್ರಿನ್ಸ್ ಕಾನ್ಸಾರ್ಟ್ ಬಿರುದು ಸಿಕ್ಕಿದ್ದೇ 1857ರಲ್ಲಿ. ಹಾಗಾಗಿ ಡ್ರಾಕುಲಾನನ್ನು ಕೊಲ್ಲೋ ತಂಟೆಗೇ ಕಥೆ ಹೋಗಲ್ಲ. ಸರಪಳಿಯಲ್ಲಿರೋ ರಾಣಿಗೆ ಬೋರೆಗಾರ್ಡ್ ಬೆಳ್ಳಿಯ ಅಲಗು ತಲುಪಿಸ್ತಾನೆ, ಅವಳು ತನ್ನನ್ನೇ ಇರಿದುಕೊಳ್ತಾಳೆ. ಹೆಂಡತಿ ಹೋದಳು, ಪದವಿಯೂ ಹೋಯ್ತು. ಸೀವರ್ಡ್‌ನ ಬೆಳ್ಳಿ ಅಲಗು ಮೊದಲ ಅಧ್ಯಾಯದಿಂದ ಅಲ್ಲಿ ತನಕ ಯಾಕೆ ಬಂತು ಅನ್ನೋದು ಆಗ ಹೊಳೆಯುತ್ತೆ. ಆದ್ರೆ ಅಷ್ಟು ದೊಡ್ಡ ತಿರುವಿಗೆ ಕೊಟ್ಟ ಪುಟ ಬಹಳ ಕಮ್ಮಿ. ಓಡಿ ಮುಗಿಸಿದ ಹಾಗಿದೆ.

ಎರಡನೇಕವಲು:

ಆ ದೃಶ್ಯ ಓಟದಲ್ಲಿ ಮುಗಿಯುತ್ತದೆ ಅನ್ನುವುದು ನನ್ನದೂ ದೂರು. ಮೇಲಿನ ಕಾನೂನಿನ ಲೆಕ್ಕ ಮಾತ್ರ ಸರಿಯಾಗಿದೆ, ಅಷ್ಟು ಬಿಟ್ಟುಕೊಡುತ್ತೇನೆ.

ಪ್ರತಿ ಕೊಳ್ಳುವವರಿಗೆ: 2011ರ ಟೈಟನ್ ಮುದ್ರಣ ಹಿಡಿಯಿರಿ. ಹಿಂದುಗಡೆ ಲೇಖಕನದೇ ಟಿಪ್ಪಣಿಗಳಿವೆ, ಯಾವ ಪಾತ್ರ ಎಲ್ಲಿಂದ ಬಂತು ಅನ್ನುವುದು ಅಲ್ಲೇ ಸಿಗುತ್ತದೆ. ಮೊದಲ ಓದಿನಲ್ಲಿ ಅದರ ತಂಟೆಗೆ ಹೋಗಬೇಡಿ, ಕಥೆಯ ಗುಟ್ಟುಗಳು ಅದರಲ್ಲಿ ಸಲೀಸಾಗಿ ಹೊರಬೀಳುತ್ತವೆ. ಮುಂದಿನ ಪುಸ್ತಕಗಳ ಕ್ರಮ: 1918ರ ಯುದ್ಧದ್ದು ಎರಡನೆಯದು, 1959ರ ರೋಮ್‌ನಲ್ಲಿ ನಡೆಯುವ ‘ಡ್ರಾಕುಲಾ ಚಾ ಚಾ ಚಾ’ (1998) ಮೂರನೆಯದು, ‘ಜಾನಿ ಅಲುಕಾರ್ಡ್’ (2013) ನಾಲ್ಕನೆಯದು. ಮೂರನೆಯದು ಅಮೆರಿಕದಲ್ಲಿ ‘ಜಡ್ಜ್‌ಮೆಂಟ್ ಆಫ್ ಟಿಯರ್ಸ್’ ಅನ್ನುವ ಹೆಸರಲ್ಲಿ ಬಂದಿತ್ತು, ಬೇರೆ ಪುಸ್ತಕ ಅಂದುಕೊಂಡು ಎರಡನ್ನೂ ತರಿಸಿಕೊಳ್ಳಬೇಡಿ.