ಬಾಯಿ ಕ್ಯಾನ್ಸರ್‌ಗೆ ಜೀನ್ ಟೆಸ್ಟ್ ಮಾಡಿಸಬೇಕಾ ಡಾಕ್ಟ್ರೇ?

ಪ್ರಶ್ನೆ (ಆಳಂದದಿಂದ): ನಮಸ್ಕಾರ ಡಾಕ್ಟ್ರೇ. ನಮ್ಮ ಕಾಕಾಗೆ ಗುಟ್ಕಾ ಚಟ ಜಾಸ್ತಿ ಇತ್ತು, ಈಗ ಕೆನ್ನೆ ಒಳಗೆ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆ. ಕಲಬುರಗಿಯಲ್ಲಿ ಆಪರೇಷನ್‌ಗೆ ತಾರೀಖು ಕೊಟ್ಟಿದ್ದಾರೆ. ಅಷ್ಟರಲ್ಲಿ ಸಂಬಂಧಿಕರೊಬ್ಬರು, ಜಗತ್ತಿನ ಎಲ್ಲಾ ಕ್ಯಾನ್ಸರ್‌ಗಳ ಜೀನ್ ಮ್ಯಾಪ್ ಆಗಿದೆ, ಟೆಸ್ಟ್ ಮಾಡಿಸಿದರೆ ಗುಳಿಗೆಯಲ್ಲೇ ಹೋಗುತ್ತದೆ ಅಂತಿದ್ದಾರೆ. ರಿಪೋರ್ಟ್ ಬರುವ ತನಕ ಕಾಯಬಹುದಾ?

ಉತ್ತರ: ಕಾಯಬೇಡಿ. ಆಪರೇಷನ್‌ಗೆ ಬರುವ ಬಾಯಿ ಕ್ಯಾನ್ಸರ್‌ಗೆ ಇವತ್ತಿಗೂ ಮೊದಲು ಕತ್ತರಿಯೇ, ಆಮೇಲೆ ಬೇಕಾದರೆ ಕರೆಂಟು (ಅಂದರೆ ರೇಡಿಯೇಷನ್), ಕೀಮೋ. ಕೊಯ್ಯೋದನ್ನ ತಪ್ಪಿಸುವ ಗುಳಿಗೆ ಇದಕ್ಕಿಲ್ಲ.

ಮ್ಯಾಪ್, ಅಂದರೆ ಯಾವ ಕ್ಯಾನ್ಸರ್‌ನಲ್ಲಿ ಯಾವ ಜೀನ್ ಕೆಟ್ಟಿದೆ ಅನ್ನೋ ಪಟ್ಟಿ, ಬಹಳಷ್ಟು ಕ್ಯಾನ್ಸರ್‌ಗಳಿಗೆ ಆಗಿರುವುದು ನಿಜ, ಎಲ್ಲದಕ್ಕೂ ಅಲ್ಲ. ಅಮೆರಿಕದ ಟಿಸಿಜಿಎ (ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅನ್ನೋ ಯೋಜನೆ 2006ರಲ್ಲಿ ಶುರುವಾಗಿ 33 ಬಗೆಯ ಕ್ಯಾನ್ಸರ್ ನೋಡಿತು. 2008ರಲ್ಲಿ ಹಲವು ದೇಶಗಳು ಸೇರಿ ಇದೇ ಕೆಲಸಕ್ಕೆ ಐಸಿಜಿಸಿ (ಇಂಟರ್‌ನ್ಯಾಷನಲ್ ಕ್ಯಾನ್ಸರ್ ಜೀನೋಮ್ ಕನ್ಸಾರ್ಷಿಯಂ) ಅನ್ನೋ ಒಕ್ಕೂಟ ಕಟ್ಟಿದವು. ಅದರಲ್ಲಿ ಭಾರತ ಹೊತ್ತಿದ್ದು ನಿಮ್ಮ ಕಾಕಾನ ಕಾಯಿಲೆಯನ್ನೇ, ಅಂದರೆ ಒಸಡು ಮತ್ತು ಕೆನ್ನೆ ಸೇರುವ ಕಡೆ, ತಂಬಾಕು ಒತ್ತಿಟ್ಟುಕೊಳ್ಳುತ್ತಾರಲ್ಲ, ಅಲ್ಲಿ ಆಗುವ ಕ್ಯಾನ್ಸರ್. ಪಶ್ಚಿಮ ಬಂಗಾಳದ ಕಲ್ಯಾಣಿ ಮತ್ತು ನವಿ ಮುಂಬೈನ ಸಂಸ್ಥೆಗಳು ಒಬ್ಬೊಬ್ಬ ರೋಗಿಯ ಗಡ್ಡೆಯ ಡಿಎನ್ಎಯನ್ನು ಅವರದೇ ರಕ್ತದ ಡಿಎನ್ಎ ಜೊತೆ ಹೋಲಿಸಿ, ಏನು ಕೆಟ್ಟಿದೆ ಅಂತ 2013ರಲ್ಲಿ ಪ್ರಕಟಿಸಿದವು. ಟಿಪಿ53 ಥರದ ಗೊತ್ತಿದ್ದ ಜೀನ್‌ಗಳ ಜೊತೆ ಹೊಸವೂ ಸಿಕ್ಕವು. ಆದರೆ ಟಿಪಿ53 ಕೆಟ್ಟಿದೆ ಅಂತ ರಿಪೋರ್ಟ್ ಬಂದರೆ ಅದನ್ನು ಸರಿಮಾಡುವ ಔಷಧಿ ನನ್ನ ಹತ್ತಿರ ಇಲ್ಲ.

ಪ್ರಶ್ನೆ (ಬೀದರ್‌ನಿಂದ): ಹಾಗಾದರೆ ಇಷ್ಟೆಲ್ಲಾ ಮಾಡಿ ಏನು ಬಂತು ಸರ್?

ಉತ್ತರ: ಬಂದಿದೆ, ಎಲ್ಲಾ ಕ್ಯಾನ್ಸರ್‌ಗೂ ಒಂದೇ ಥರ ಅಲ್ಲ ಅಷ್ಟೇ. ಗರ್ಭಕೋಶದ ಒಳಪದರದ ಕ್ಯಾನ್ಸರ್ ತಗೊಳ್ಳಿ. ಟಿಸಿಜಿಎ 2013ರಲ್ಲಿ ಅದನ್ನು ಜೀನ್ ಮೇಲೆ ನಾಲ್ಕು ಗುಂಪು ಮಾಡಿತು. ಪೋಲಿ (POLE) ಅನ್ನೋ ಜೀನ್ ಕೆಟ್ಟಿರುವ ಗುಂಪು ಮೈಕ್ರೋಸ್ಕೋಪ್‌ನಲ್ಲಿ ಭಯಂಕರವಾಗಿ ಕಂಡರೂ ಬಹಳಷ್ಟು ಜನ ಚೆನ್ನಾಗಿ ಗುಣವಾಗುತ್ತಾರೆ. ಈಗ ಅಂಥವರಿಗೆ, ಕಾಯಿಲೆ ಇನ್ನೂ ಹರಡದಿದ್ದರೆ, ಆಪರೇಷನ್ ನಂತರದ ಕರೆಂಟು ಬಿಡಬಹುದಾ ಅಂತ ಯೋಚಿಸುತ್ತೇವೆ. ಆ ಗುಂಪು ಚಿಕ್ಕದು, ಒಂದೇ ಆಸ್ಪತ್ರೆಯವರು ನೋಡಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಎಲ್ಲರ ಮಾಹಿತಿ ಒಂದೆಡೆ ಹಾಕಿದ್ದಕ್ಕೇ ಸಿಕ್ಕಿದ್ದು.

ಪ್ರಶ್ನೆ (ಆಳಂದ): ಸರಿ ಡಾಕ್ಟ್ರೇ, ಆಪರೇಷನ್ ಮಾಡಿಸ್ತೀವಿ. ಮುಂದೆ ಟೆಸ್ಟ್ ಬೇಕಾದರೆ?

ಉತ್ತರ: ಕಾಯಿಲೆ ಮರಳಿದರೆ ಆಗ ಕೇಳಿ. ಅದಕ್ಕೆ ಗಡ್ಡೆಯ ಬ್ಲಾಕ್ ಬೇಕಾಗುತ್ತದೆ, ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಮೇಣದಲ್ಲಿ ಹುದುಗಿಸಿದ ಮಾಂಸದ ತುಣುಕು. ಬಯಾಪ್ಸಿದೂ ಆಪರೇಷನ್‌ದೂ ಎರಡೂ ಲ್ಯಾಬ್‌ನಲ್ಲಿ ಇರುತ್ತವೆ, ನಂಬರ್ ಬರೆದಿಟ್ಟುಕೊಳ್ಳಿ. ಬೇರೆ ಊರಿಗೆ ಒಯ್ಯುವಾಗ ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ, ಮೇಣ ಕರಗುತ್ತದೆ.