ಹತ್ತನೇ ಕ್ಲಾಸ್ ಅಂತ ಖೋ ಖೋ ಬಿಡಿಸಬೇಡ ಕಣೇ

ನಿನ್ನೆ ರಾತ್ರಿ ಗ್ರೂಪಲ್ಲಿ ಕೇಳಿದ್ಯಲ್ಲ ತಂಗಿ, ಮಗಳು ಹತ್ತನೇ ಕ್ಲಾಸಿಗೆ ಬಂದ್ಲು, ಖೋ ಖೋ ಬಿಡಿಸಿ ಸಂಜೆ ಟ್ಯೂಷನ್‌ಗೆ ಹಾಕ್ಬಿಡ್ಲಾ ಅಂತ. ನಿಮ್ಮನೆಯವರೂ "ಒಂದು ವರ್ಷ ತಾನೇ" ಅಂದ್ರಂತೆ. ಟೈಪ್ ಮಾಡಿದ್ರೆ ಮುಗಿಯೋ ಮಾತಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಪೂರ್ತಿ ಕೇಳು.

ನನ್ನ ಮಗನಿಗೆ ನಾನು ಇದನ್ನೇ ಮಾಡಿದ್ದೆ. ಅವನ ಸ್ಕೂಲಲ್ಲಿ ಪಿ.ಟಿ. ಪೀರಿಯಡ್ಡು ಟೈಮ್‌ಟೇಬಲಲ್ಲಿ ಮಾತ್ರ ಇತ್ತು, ಗಣಿತದವರು ಬಂದು ತಗೊಂಬಿಡ್ತಿದ್ರು. ಮನೇಲಿ ನಾನು ಸಂಜೆ ವಾಲಿಬಾಲ್ ನಿಲ್ಲಿಸ್ದೆ. ಮೊದಲ ತಿಂಗಳು ಏನೂ ಗೊತ್ತಾಗ್ಲಿಲ್ಲ. ಆಮೇಲೆ ನೋಡ್ತೀನಿ, ಪುಸ್ತಕ ಎದುರಿಗಿರುತ್ತೆ, ಪುಟ ತಿರುಗಲ್ಲ. ರಾತ್ರಿ ಒಂದಾದ್ರೂ ನಿದ್ದೆ ಇಲ್ಲ, ಬೆಳಿಗ್ಗೆ ಎದ್ರೆ ತಲೆನೋವು. ಒಂದಿನ ಚಪ್ಪಲಿ ಗೂಡು ಒರೆಸ್ವಾಗ ಅವನ ಶೂ ಕೈಗೆ ಬಂತು. ಅಡಿಯಲ್ಲಿ ಗ್ರೌಂಡಿನ ಕೆಮ್ಮಣ್ಣು ಹಂಗೇ ಒಣಗಿತ್ತು, ಹಾಕಿಸಿ ನೋಡಿದ್ರೆ ಕಾಲು ಹಿಡಿಸ್ಲಿಲ್ಲ. ಅಲ್ಲೇ ಕೂತು ಅತ್ಬಿಟ್ಟೆ ಕಣೇ. ಅಷ್ಟೆಲ್ಲಾ ಮಾಡಿ ಮಾರ್ಕ್ಸ್ ಒಂಬತ್ತರಲ್ಲಿ ಬಂದಷ್ಟೇ ಬಂತು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಯೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ಹತ್ತನೇ ಕ್ಲಾಸಿನವರನ್ನ ಬಿಟ್ಟು ಅಂತ ಎಲ್ಲೂ ಇಲ್ಲ. ಈಗ ಎಸ್ಸೆಸ್ಸೆಲ್ಸಿನೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೀಬಹುದು. ನಮ್ಮ ಕಾಲದ ಭಯ ಇಟ್ಕೊಂಡು ಅವಳನ್ನ ಹೆದರಿಸಬೇಡ.

ಹೊರೆ ಜಾಸ್ತಿ ಅನ್ಸಿದ್ರೆ ಕೀಬೋರ್ಡ್ ಕ್ಲಾಸ್ ಬಿಡಿಸು, ಭಾನುವಾರದ ಟೆಸ್ಟ್ ಬಿಡಿಸು. ಕೀಬೋರ್ಡ್‌ಗೆ ಸೇರಿಸಿದ್ದು ನೀನು, ಖೋ ಖೋ ಅವಳೇ ಹುಡುಕ್ಕೊಂಡಿದ್ದು. ಈ ವ್ಯತ್ಯಾಸ ಸಣ್ಣದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಹುಡುಗೀರ ಟೀಮಲ್ಲಿ ಟಿ. ನರಸೀಪುರದ ಹತ್ರ ಕುರುಬೂರಿನ ಚೈತ್ರಾ ಇದ್ಲಲ್ಲ, ಅವಳ ಫೋಟೋ ನಿನ್ನ ಮಗಳು ಕಬೋರ್ಡಿಗೆ ಅಂಟಿಸ್ಕೊಂಡಿದಾಳೆ. ಚೈತ್ರಾ ಥರ ಆಗ್ಲೇಬೇಕು ಅಂತ ನಾನು ಹೇಳ್ತಿಲ್ಲ. ಸಂಜೆ ಒಂದು ಗಂಟೆ ಯಾರೂ ಮಾರ್ಕ್ಸ್ ಕೇಳದ ಜಾಗ ಆ ಮಗುಗೆ ಇರ್ಲಿ ಅಷ್ಟೇ.

ಇನ್ನೊಂದು. ಊಟ, ನಿದ್ದೆ ಕೆಟ್ಟು ಮಾತೂ ಕಮ್ಮಿ ಆದ್ರೆ "ವಯಸ್ಸು, ಸರಿ ಹೋಗುತ್ತೆ" ಅಂತ ಸುಮ್ನಿರಬೇಡ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನನಗೆ ಆಗ ಗೊತ್ತಿರ್ಲಿಲ್ಲ.

ಟ್ಯೂಷನ್‌ಗೆ ದುಡ್ಡು ಕಟ್ಟೋ ಮೊದಲು ಒಂದ್ಸಲ ಗ್ರೌಂಡಿಗೆ ಹೋಗು, ಅವಳಿಗೆ ಹೇಳ್ದೆ. ದಸರಾ ರಜದಲ್ಲಿ ನಾನು ನೋಡಿದೀನಿ. ಸಾಲಲ್ಲಿ ಬೆರಳೂರಿ ಕೂತಿರ್ತಾಳೆ, ಉಸಿರೂ ಆಡ್ದಂಗೆ. ಬೆನ್ನಿಗೆ ಕೈ ಬಿದ್ದು "ಖೋ" ಅಂದಿದ್ದೇ ತಡ, ಎದ್ದು ಹಾರ್ತಾಳೆ. ಆ ಮುಖ ನೋಡ್ಕೊಂಡು ಬಂದು ಫೋನ್ ಮಾಡು, ಆಮೇಲೆ ಮಾತಾಡೋಣ.