ಸಿಗ್ನಲ್ ತುಂಬಿದ್ದರೂ ಪಾಠ ನಿಂತು ನಿಂತು ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ವಿದ್ಯಾರ್ಥಿನಿಯರ ಹಾಸ್ಟೆಲ್ ಒಂದರ ವಾರ್ಡನ್. ನೆಲಮಹಡಿ ಸೇರಿ ಮೂರು ಅಂತಸ್ತು, ಅರವತ್ತು ಹುಡುಗಿಯರು. ಪ್ರತಿ ಅಂತಸ್ತಿನ ಕಾರಿಡಾರಿನಲ್ಲಿ ಒಂದೊಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಇದೆ. ರಾತ್ರಿ ಎಂಟಾಯಿತೆಂದರೆ ಆನ್‌ಲೈನ್ ಪಾಠ ತಡೆದು ತಡೆದು ಬರುತ್ತದೆ, ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ಮಾತ್ರ ತುಂಬಿಯೇ ಇರುತ್ತವೆ. ಕೇಬಲ್ ಹಾಕಿರುವ ಕಚೇರಿಯ ಕಂಪ್ಯೂಟರಿನಲ್ಲಿ ಅದೇ ಹೊತ್ತಿಗೆ ಯಾವ ತೊಂದರೆಯೂ ಇಲ್ಲ. ಸೆಟ್ಟಿಂಗ್ ಪುಟ ತೆರೆದು ನೋಡಿದೆ: ಮೂರರಲ್ಲೂ 2.4 ಗಿಗಾಹರ್ಟ್ಸ್, ಚಾನೆಲ್ 6, ಅಗಲ 40 ಮೆಗಾಹರ್ಟ್ಸ್, ಪವರ್ ಹೈ. 5 ಗಿಗಾಹರ್ಟ್ಸ್ ಆಫ್ ಆಗಿದೆ. ಹೊಸ ಉಪಕರಣ ಕೊಳ್ಳಬೇಕೆ?

ಉತ್ತರ: ಬೇಡ ಮೇಡಂ, ಹಣ ಉಳಿಸಿ. ಕೇಬಲಿನಲ್ಲಿ ಸರಿಯಿದೆ ಎಂಬುದನ್ನು ನೀವೇ ನೋಡಿಕೊಂಡದ್ದು ಒಳ್ಳೆಯದಾಯಿತು. ತೊಂದರೆ ಇರುವುದು ರೇಡಿಯೊ ಸೆಟ್ಟಿಂಗಿನಲ್ಲಿ.

ಒಂದೇ ಚಾನೆಲಿನಲ್ಲಿ ಒಬ್ಬರು ಮಾತನಾಡುವಾಗ, ಅದು ಕೇಳಿಸುವ ಉಳಿದವರೆಲ್ಲ ಸುಮ್ಮನಿದ್ದು ಕಾಯಬೇಕು. ವೈಫೈ ನಡೆಯುವುದೇ ಹೀಗೆ. ನಿಮ್ಮಲ್ಲಿ ಮೂರು ಅಂತಸ್ತಿನವರೂ ಒಂದೇ ಸರತಿಯಲ್ಲಿ ನಿಂತಿದ್ದಾರೆ. ಕೆಳಗೆ 1, ನಡುವೆ 6, ಮೇಲೆ 11 ಇಡಿ. 2.4 ಗಿಗಾಹರ್ಟ್ಸ್‌ನ ಈ ಬ್ಯಾಂಡಿನಲ್ಲಿ, ಅಂದರೆ ತರಂಗಪಟ್ಟಿಯಲ್ಲಿ, ಚಾನೆಲಿನಿಂದ ಚಾನೆಲಿಗೆ ಅಂತರ 5 ಮೆಗಾಹರ್ಟ್ಸ್ ಮಾತ್ರ, ಸಂಕೇತಕ್ಕೆ ಬೇಕಾದ ಅಗಲವೋ ಸುಮಾರು 20. ಹಾಗಾಗಿ ಖಾಲಿ ಕಂಡಿತೆಂದು 3 ಅಥವಾ 4 ಆರಿಸಿದರೆ ಎರಡೂ ಕಡೆಯ ಗದ್ದಲ ಮೈಮೇಲೆ ಬರುತ್ತದೆ. ಅಗಲವನ್ನೂ 20ಕ್ಕೆ ಇಳಿಸಿ. ಇಡೀ ಬ್ಯಾಂಡ್ ಇರುವುದೇ 83.5 ಮೆಗಾಹರ್ಟ್ಸ್, ತಲಾ 40 ಇಟ್ಟರೆ ಮೂರಕ್ಕೂ ಜಾಗ ಸಾಲದು.

ಇನ್ನು ಪವರ್. ಇದನ್ನು ಹೈನಲ್ಲಿ ಇಡುವುದು ನಾನು ಹೋದಲ್ಲೆಲ್ಲ ಕಾಣುವ ತಪ್ಪು. ಕಡ್ಡಿಗಳು ತೋರಿಸುವುದು ಆಕ್ಸೆಸ್ ಪಾಯಿಂಟಿನ ದನಿ ಮೊಬೈಲಿಗೆ ಎಷ್ಟು ಜೋರಾಗಿ ಕೇಳಿಸಿತು ಎಂಬುದನ್ನು. ಮೊಬೈಲಿನ ದನಿ ಅಲ್ಲಿಗೆ ಮುಟ್ಟಿತೇ ಎಂಬುದನ್ನು ಅವು ಹೇಳುವುದಿಲ್ಲ. ಪುಟ್ಟ ಬ್ಯಾಟರಿಯ ಮೊಬೈಲ್ ಅಷ್ಟು ಜೋರಾಗಿ ಕೂಗಲಾರದು. ಇದರ ಜೊತೆಗೆ, ಊಟ ಮುಗಿಸಿ ಮೇಲಿನ ಕೋಣೆಗೆ ಹೋದ ಹುಡುಗಿಯ ಮೊಬೈಲಿಗೆ ಕೆಳಗಿನ ದನಿ ಇನ್ನೂ ಕೇಳಿಸುತ್ತಲೇ ಇರುವುದರಿಂದ, ಅದು ತಲೆಯ ಮೇಲಿರುವ ಆಕ್ಸೆಸ್ ಪಾಯಿಂಟನ್ನು ಬಿಟ್ಟು ಕೆಳಗಿನದಕ್ಕೇ ಅಂಟಿಕೊಂಡಿರುತ್ತದೆ. 2.4ರ ಪವರನ್ನು ಲೋಗೆ ತನ್ನಿ. ಸೆಟ್ಟಿಂಗ್ ಪುಟ ಪವರನ್ನು ಅಂಕಿಯಲ್ಲಿ ಕೇಳಿದರೆ, ಪ್ರತಿ 3 ಡೆಸಿಬೆಲ್ ಇಳಿಸಿದಾಗ ಶಕ್ತಿ ಅರ್ಧವಾಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: 5 ಗಿಗಾಹರ್ಟ್ಸ್ ಗೋಡೆ ದಾಟುವುದಿಲ್ಲ ಎಂದು ಅದನ್ನು ಹಾಕಿಕೊಟ್ಟವರೇ ಆಫ್ ಮಾಡಿಹೋದರು ಸರ್.

ಉತ್ತರ: ಕಡಿಮೆ ದಾಟುತ್ತದೆ, ನಿಜ. ನಿಮಗೆ ಬೇಕಾದದ್ದೂ ಅದೇ! ಕಾಂಕ್ರೀಟ್ ತಾರಸಿ ಅಡ್ಡ ಬಂದಷ್ಟೂ ಒಂದು ಅಂತಸ್ತಿನ ಗದ್ದಲ ಇನ್ನೊಂದಕ್ಕೆ ಹೋಗುವುದಿಲ್ಲ. ಆನ್ ಮಾಡಿ, ಪವರ್ ಮೀಡಿಯಂ ಇಡಿ. ಮೊದಲು ದೇಶ ಎಂಬಲ್ಲಿ ಭಾರತ ಇದೆಯೇ ನೋಡಿ, ಸಿಗುವ ಚಾನೆಲ್‌ಗಳೂ ಪವರ್ ಮಿತಿಯೂ ಅದನ್ನೇ ಅವಲಂಬಿಸಿವೆ. ಅಗಲ 40, ಚಾನೆಲ್ ಅಂತಸ್ತಿಗೊಂದರಂತೆ 36, 44, 149. ನಡುವಿನ 52ರಿಂದ 144ರವರೆಗಿನವನ್ನು ರಾಡಾರ್‌ಗಳೂ ಬಳಸುತ್ತವೆ. ಅಲ್ಲಿ ಆಕ್ಸೆಸ್ ಪಾಯಿಂಟ್ ಕನಿಷ್ಠ ಒಂದು ನಿಮಿಷ ಆಲಿಸಿ ಆಮೇಲೆ ಶುರುವಾಗಬೇಕು, ರಾಡಾರ್ ಕೇಳಿಸಿದರೆ ಜಾಗ ಬಿಡಬೇಕು. ಮೂರೇ ಉಪಕರಣಕ್ಕೆ ಆ ಉಸಾಬರಿ ಬೇಡ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಚಾನೆಲನ್ನು ಆಟೊ ಇಟ್ಟರೆ ಸಾಲದೇ?

ಉತ್ತರ: ಒಂದೇ ಕಂಟ್ರೋಲರ್ ಎಲ್ಲವನ್ನೂ ನೋಡಿಕೊಳ್ಳುವ ಕಡೆ ನಡೆಯುತ್ತದೆ. ಬಿಡಿಬಿಡಿಯಾಗಿ ಇಟ್ಟ ಅಗ್ಗದ ಉಪಕರಣಗಳಲ್ಲಿ ಎಷ್ಟೋ ಆನ್ ಆಗುವಾಗ ಒಮ್ಮೆ ಮಾತ್ರ ಸುತ್ತ ನೋಡುತ್ತವೆ. ಕರೆಂಟ್ ಹೋಗಿ ಬಂದಾಗ ಮೂರೂ ಒಟ್ಟಿಗೆ ಎದ್ದರೆ ಒಂದೇ ಚಾನೆಲಿಗೆ ಹೋಗಿ ಕೂರಬಹುದು.

ಪ್ರಶ್ನೆ: ಸರ್, ಎಲ್ಲವನ್ನೂ ಬದಲಿಸಿದೆ. ನಿನ್ನೆ ರಾತ್ರಿ ಪಾಠ ನಿಲ್ಲಲಿಲ್ಲ! ವೈಫೈ ಅಳೆಯುವ ಆ್ಯಪ್ ಹಿಡಿದು ಕೋಣೆ ಕೋಣೆ ತಿರುಗಿದೆ. ಸಿಗ್ನಲ್ ಹೆಚ್ಚಿನ ಕಡೆ ಮೈನಸ್ 60 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು, ಮೇಲಿನ ಮೂಲೆಯ ಕೋಣೆಯಲ್ಲಿ ಮಾತ್ರ ಮೈನಸ್ 78. ಅಲ್ಲಿ ಪವರ್ ಏರಿಸಲೇ?

ಉತ್ತರ: ಏರಿಸಬೇಡಿ. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು; ಮೈನಸ್ 67ಕ್ಕಿಂತ ಕೆಳಗೆ ಇಳಿಯದಿದ್ದರೆ ವಿಡಿಯೊ ಕರೆಗೆ ಸಾಕು. ಆ ಕೋಣೆಗೂ ಆಕ್ಸೆಸ್ ಪಾಯಿಂಟಿಗೂ ನಡುವೆ ಏನಿದೆ?

ಪ್ರಶ್ನೆ: ಹಾಸಿಗೆ ಹೊದಿಕೆ ಇಡುವ ಕಬ್ಬಿಣದ ಬೀರುಗಳು, ಸಾಲಾಗಿ ನಾಲ್ಕು. ಆಕ್ಸೆಸ್ ಪಾಯಿಂಟ್ ಒಂದರ ಹಿಂದೆಯೇ ಇದೆ.

ಉತ್ತರ: ಸಿಕ್ಕಿತಲ್ಲ. ಲೋಹ ರೇಡಿಯೊ ಅಲೆಯನ್ನು ಹಿಂದಕ್ಕೆ ಹೊಡೆಯುತ್ತದೆ. ಬೀರುಗಳನ್ನು ಕದಲಿಸಬೇಡಿ, ಆಕ್ಸೆಸ್ ಪಾಯಿಂಟನ್ನೇ ಅವುಗಳಿಂದ ದೂರ, ಕಾರಿಡಾರಿನ ನಡುವೆ ಚಾವಣಿಗೆ ಹಾಕಿಸಿ. ಆಮೇಲೆ ಅದೇ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಮತ್ತೆ ಅಳೆದು ಇಲ್ಲಿ ಬರೆಯಿರಿ.